ಮೂರು ವಾರದ ಕೂಸಿಗೆ ಸಂಜೆಯಾದರೆ ಹೊಟ್ಟೆನೋವು: ಬಜೆ, ಜೇನು, ಗ್ರೈಪ್ ವಾಟರ್ ಕೊಡಬಹುದೇ?

ಪ್ರಶ್ನೆ: ನಾಪೋಕ್ಲು ಕಡೆಯ ಬಾಣಂತಿ

ಎಲ್ಲರಿಗೂ ನಮಸ್ಕಾರ. ಇದು ನನ್ನ ಚೊಚ್ಚಲ ಬಾಣಂತನ, ತವರಿನಲ್ಲಿದ್ದೇನೆ. ಮಗಳಿಗೆ ಈಗ ಮೂರು ವಾರ. ಹುಟ್ಟುವಾಗ 2.8 ಕಿಲೋ ಇದ್ದಳು. ಮೊನ್ನೆ ಆಶಾ ಕಾರ್ಯಕರ್ತೆ ಮನೆಗೆ ಬಂದು ತೂಗಿದಾಗ 3.1 ಕಿಲೋ ಆಗಿದ್ದಳು. ಇದುವರೆಗೆ ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಟ್ಟಿಲ್ಲ.

ಹಗಲೆಲ್ಲ ಹಾಲು ಕುಡಿದು ನೆಮ್ಮದಿಯಿಂದ ಮಲಗುವ ಕೂಸು ದೀಪ ಹಚ್ಚುವ ಹೊತ್ತಿಗೆ ಅಳಲು ಶುರುಮಾಡಿದರೆ ಮನೆಯವರೆಲ್ಲ ಊಟ ಮುಗಿಸುವವರೆಗೂ ನಿಲ್ಲಿಸುವುದಿಲ್ಲ. ಮುಖ ಕೆಂಪಾಗುತ್ತದೆ, ಕಾಲುಗಳನ್ನು ಹೊಟ್ಟೆಗೆ ಮಡಚಿಕೊಳ್ಳುತ್ತಾಳೆ, ಮುಷ್ಟಿ ಬಿಗಿಯುತ್ತಾಳೆ. ಮಲ ವಿಸರ್ಜಿಸುವ ಮೊದಲು ಹತ್ತು ನಿಮಿಷ ತಿಣುಕಿ ಚೀರುತ್ತಾಳೆ, ಆದರೆ ಬರುವ ಮಲ ಮಾತ್ರ ಹಳದಿಯಾಗಿ, ಮೆತ್ತಗಿರುತ್ತದೆ. ಕುಡಿದ ಸ್ವಲ್ಪ ಹೊತ್ತಿನಲ್ಲಿ ಒಡೆದ ಹಾಲಿನಂಥದ್ದನ್ನು ಕಟವಾಯಿಯಿಂದ ಕಕ್ಕುತ್ತಾಳೆ.

ನಮ್ಮ ಅಜ್ಜಿ ಸುಟ್ಟ ಬಜೆಯನ್ನು ಸಾಣೆಕಲ್ಲಿನ ಮೇಲೆ ತೇಯ್ದು, ನಮ್ಮದೇ ತೋಟದ ಪೆಟ್ಟಿಗೆಯ ಜೇನಿನಲ್ಲಿ ಕಲಸಿ ನಾಲಿಗೆಗೆ ಸವರಬೇಕೆಂದು ಹೇಳುತ್ತಿದ್ದಾರೆ. ಮೆಡಿಕಲ್ ಅಂಗಡಿಯವರು ಗ್ರೈಪ್ ವಾಟರನ್ನೂ ಹೊಟ್ಟೆನೋವಿನ ಹನಿಯನ್ನೂ ಕೊಟ್ಟು ಕಳುಹಿಸಿದ್ದಾರೆ. ಮಳೆಗಾಲದ ಥಂಡಿಗೆ ಹಾಲು ಜೀರ್ಣವಾಗುವುದಿಲ್ಲ, ಕುದಿಸಿ ಆರಿಸಿದ ನೀರನ್ನಾದರೂ ಕುಡಿಸು ಎಂದು ಚಿಕ್ಕಮ್ಮ ಹೇಳುತ್ತಾರೆ. ನಾನು ಬೇಳೆ, ಹಲಸು, ಕೋಸು ತಿನ್ನುವುದರಿಂದಲೇ ಮಗುವಿಗೆ ವಾಯು ಆಗುತ್ತಿದೆ ಎಂಬ ಮಾತೂ ಇದೆ. ಬೆಳಿಗ್ಗೆ, ಸಂಜೆ ಬೆಲ್ಲದ ಕಾಫಿ ಕುಡಿಯುವ ಅಭ್ಯಾಸವನ್ನೂ ನಾನು ಬಿಟ್ಟಿಲ್ಲ. ಇವುಗಳಲ್ಲಿ ಯಾವುದು ಸರಿ, ಯಾವುದು ಅಪಾಯ ಎಂದು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಅಜ್ಜಿಯ ಮನಸ್ಸನ್ನು ನೋಯಿಸಲು ನನಗೆ ಇಷ್ಟವಿಲ್ಲ. ಹಾಗೆಂದು ಭಯವನ್ನು ನುಂಗಿಕೊಂಡು ಏನನ್ನಾದರೂ ಕೊಡಲೂ ಧೈರ್ಯವಿಲ್ಲ.

ಉತ್ತರ: ಮಡಿಕೇರಿಯ ನಿವೃತ್ತ ದಾದಿ

ತಂಗಿ, ಮೊದಲು ಸಮಾಧಾನದ ಮಾತನ್ನು ಹೇಳುತ್ತೇನೆ. ಮೂರು ವಾರದೊಳಗೆ ಹುಟ್ಟುತೂಕವನ್ನು ದಾಟಿ ಮೇಲೇರಿರುವ, ಮೆತ್ತಗಿನ ಹಳದಿ ಮಲ ಮಾಡುವ, ಹಗಲಿನಲ್ಲಿ ನೆಮ್ಮದಿಯಾಗಿ ಮಲಗುವ ಕೂಸಿಗೆ ಹಾಲು ಜೀರ್ಣವಾಗುತ್ತಿಲ್ಲ ಎಂದು ಹೇಳಲು ಆಧಾರವೇ ಇಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುವುದು, ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಅದು ಮರಳಿ ಬರುವುದು ಸಾಮಾನ್ಯ. ನಿಮ್ಮ ಮಗು ಆ ಘಟ್ಟವನ್ನು ಚೆನ್ನಾಗಿಯೇ ದಾಟಿದೆ. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಿರಿ.

ನೀವು ಬರೆದಿರುವ ತಿಣುಕುವಿಕೆಯನ್ನು ಕಂಡು ಮನೆಯವರು ಮಲಬದ್ಧತೆ ಎಂದು ಗಾಬರಿಯಾಗುವುದನ್ನು ನಾನು ಬಾಣಂತಿಯರ ವಾರ್ಡಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಮಲ ಹೊರಬರಬೇಕಾದರೆ ಹೊಟ್ಟೆಯ ಸ್ನಾಯುಗಳು ಒತ್ತಬೇಕು, ಅದೇ ಹೊತ್ತಿಗೆ ಗುದದ ಸ್ನಾಯು ಸಡಿಲವಾಗಬೇಕು. ಎಳೆಗೂಸಿಗೆ ಈ ಎರಡನ್ನೂ ಒಟ್ಟಿಗೆ ಮಾಡಲು ಇನ್ನೂ ಬರುವುದಿಲ್ಲ. ಹಾಗಾಗಿ ಅದು ಹತ್ತಿಪ್ಪತ್ತು ನಿಮಿಷ ಚೀರಿ, ಕೆಂಪಾಗಿ, ಕೊನೆಗೆ ಮೆತ್ತನೆಯ ಮಲವನ್ನೇ ಮಾಡುತ್ತದೆ. ಮಲ ಗಟ್ಟಿಯಾಗಿದ್ದರೆ ಮಾತ್ರ ಅದು ಮಲಬದ್ಧತೆ. ಕೆಲವು ವಾರಗಳಲ್ಲಿ ಕೂಸು ತಾನಾಗಿಯೇ ಕಲಿಯುತ್ತದೆ. ಎಣ್ಣೆ ಹಚ್ಚಿದ ವೀಳ್ಯದೆಲೆಯ ತೊಟ್ಟನ್ನೋ ಸಾಬೂನಿನ ಚೂರನ್ನೋ ಗುದಕ್ಕೆ ಇಟ್ಟು ಮಲ ಮಾಡಿಸುವ ರೂಢಿ ಅನೇಕ ಮನೆಗಳಲ್ಲಿ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಆ ಜಾಗದ ಚರ್ಮ ಬಹಳ ತೆಳುವಾಗಿದ್ದು ಬೇಗ ಗಾಯವಾಗುತ್ತದೆ. ಅಲ್ಲದೆ, ಮಗು ತಾನಾಗಿ ಕಲಿಯಬೇಕಾದುದನ್ನು ಕಲಿಯದೆ ಹೊರಗಿನ ಪ್ರಚೋದನೆಗೇ ಕಾಯುವಂತಾಗುತ್ತದೆ. ವಾರಕ್ಕೊಮ್ಮೆ ಹರಳೆಣ್ಣೆ ಕುಡಿಸುವುದೂ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದು ದೊಡ್ಡ ಕಾಯಿಲೆಗೆ ದಾರಿ.

ಹಾಲು ಕಕ್ಕುವುದರ ಕಾರಣವೂ ಸರಳ. ಅನ್ನನಾಳ ಮತ್ತು ಜಠರ ಕೂಡುವಲ್ಲಿರುವ ಕವಾಟದಂಥ ಸ್ನಾಯು ಈ ವಯಸ್ಸಿನಲ್ಲಿ ಸಡಿಲವಾಗಿರುತ್ತದೆ. ಜಠರವೂ ಚಿಕ್ಕದು: ಮೊದಲ ದಿನ ಒಂದು ಟೀ ಚಮಚದಷ್ಟು, ಅಂದರೆ ಐದರಿಂದ ಏಳು ಮಿಲಿಲೀಟರ್ ಹಾಲು ಸಾಕಾಗುತ್ತದೆ, ವಾರದ ಕೊನೆಗೆ ಒಂದು ಸಲಕ್ಕೆ 45ರಿಂದ 60 ಮಿಲಿಲೀಟರ್. ಅದಕ್ಕಾಗಿಯೇ ಕೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳುತ್ತದೆ. ಕಕ್ಕಿದರೂ ತೂಕ ಏರುತ್ತಿದ್ದರೆ ಚಿಂತೆ ಬೇಡ. ಬಹುಪಾಲು ಮಕ್ಕಳಲ್ಲಿ ಒಂದು ವರ್ಷ ತುಂಬುವುದರೊಳಗೆ ಇದು ನಿಲ್ಲುತ್ತದೆ.

ಇನ್ನು ಸಂಜೆಯ ಅಳು. ವೆಸೆಲ್ ಎಂಬ ವೈದ್ಯರು 1954ರಲ್ಲಿ ಇದಕ್ಕೊಂದು ಅಳತೆಯನ್ನು ಕೊಟ್ಟರು: ಆರೋಗ್ಯವಾಗಿಯೇ ಇರುವ ಕೂಸು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು, ಹೀಗೆ ಮೂರು ವಾರಗಳಿಗೂ ಮೀರಿ ಅತ್ತರೆ ಅದನ್ನು ಕಾಲಿಕ್ ಎನ್ನುತ್ತಾರೆ. ಅಳು ಆರನೆಯ ವಾರದ ಹೊತ್ತಿಗೆ ಹೆಚ್ಚಿ, ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಅಂದರೆ ಮುಂದಿನ ಕೆಲವು ವಾರಗಳಲ್ಲಿ ಅಳು ಇನ್ನೂ ಸ್ವಲ್ಪ ಹೆಚ್ಚಬಹುದು. ಆಗ ನೀವು ಧೈರ್ಯಗೆಡಬಾರದೆಂದು ಮೊದಲೇ ಹೇಳುತ್ತಿದ್ದೇನೆ. ಅಳುವಾಗ ಗಾಳಿ ನುಂಗುವುದರಿಂದ ಹೊಟ್ಟೆ ಉಬ್ಬುತ್ತದೆ, ಉಬ್ಬಿದ ಹೊಟ್ಟೆಯನ್ನು ನೋಡಿದವರು ವಾಯುವಿನಿಂದಲೇ ಅಳುತ್ತಿದೆ ಎನ್ನುತ್ತಾರೆ. ಎಷ್ಟೋ ಸಲ ಉಬ್ಬರಕ್ಕೆ ಅಳುವೇ ಕಾರಣ, ಅಳುವಿಗೆ ಉಬ್ಬರವಲ್ಲ.

ಜೇನಿನ ವಿಚಾರದಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧಳಿಲ್ಲ. ಒಂದು ವರ್ಷ ತುಂಬುವವರೆಗೆ ಒಂದು ಹನಿ ಜೇನನ್ನೂ ಕೂಸಿನ ನಾಲಿಗೆಗೆ ತಾಗಿಸಬಾರದು. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡುತ್ತವೆ. ಆಗ ಮಲ ಕಟ್ಟುತ್ತದೆ, ಹಾಲು ಚೀಪುವ ಶಕ್ತಿ ಕುಂದುತ್ತದೆ, ಅಳು ಕ್ಷೀಣಿಸುತ್ತದೆ, ಕುತ್ತಿಗೆ ಮತ್ತು ಕೈಕಾಲುಗಳು ಜೋಲುತ್ತವೆ, ಕೊನೆಗೆ ಉಸಿರಾಟಕ್ಕೇ ತೊಂದರೆಯಾಗುತ್ತದೆ. ಈ ಕಾಯಿಲೆಯನ್ನು ಎಳೆಮಕ್ಕಳಲ್ಲಿ ಮೊದಲು ಗುರುತಿಸಿದ್ದು 1976ರಲ್ಲಿ. ನಮ್ಮ ಕೊಡಗಿನ ಜೇನು ಶುದ್ಧ, ನಮ್ಮ ತೋಟದ್ದು ಕಲಬೆರಕೆಯಿಲ್ಲದ್ದು ಎಂದು ಹಿರಿಯರು ಹೇಳುವುದು ನಿಜವೇ. ಆದರೆ ಬೀಜಾಣು ಬರುವುದು ಮಣ್ಣಿನಿಂದ, ದೂಳಿನಿಂದ, ಅದು ಕಲಬೆರಕೆಯಲ್ಲ. ಎಷ್ಟೇ ಶುದ್ಧವಾದ ಜೇನಿನಲ್ಲೂ ಅದು ಇರಬಹುದು, ಬಿಸಿ ಮಾಡಿದರೂ ಸಾಯುವುದಿಲ್ಲ.

ಬಜೆಯ ಬೇರಿನಲ್ಲಿ ಅಸರೋನ್ ಎಂಬ ಅಂಶವಿದೆ. ಪ್ರಯೋಗಾಲಯದ ಪ್ರಾಣಿಗಳಿಗೆ ಅದು ಹಾನಿಕರವೆಂದು ಕಂಡುಬಂದ ಮೇಲೆ ಅಮೆರಿಕದಲ್ಲಿ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ತೇಯುವ ಕಲ್ಲು, ಅದಕ್ಕೆ ಹಾಕುವ ನೀರು, ಸವರುವ ಬೆರಳು ಇವುಗಳಿಂದ ತಗಲುವ ಸೋಂಕಿನ ಮಾತು ಬೇರೆಯೇ ಇದೆ.

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿಯ ಕೈಯಲ್ಲಿ. ಆಗ ಅದರಲ್ಲಿ ಸಬ್ಬಸಿಗೆಯ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯಸಾರವೂ ಇತ್ತು. ಈಗ ಮದ್ಯಸಾರವಿಲ್ಲದೆ ಮಾರುತ್ತಾರೆ. ಕೊಟ್ಟೊಡನೆ ಕೂಸು ಅಳು ನಿಲ್ಲಿಸುವುದಕ್ಕೆ ಸಿಹಿಯ ರುಚಿಯೇ ಬಹುಮಟ್ಟಿಗೆ ಕಾರಣ. ಸಿಮೆಥಿಕೋನ್ ಇರುವ ಹನಿಗಳು ಕಾಲಿಕ್‌ಗೆ ಬರಿಯ ನೀರಿನಂಥ ಹನಿಗಿಂತ ಹೆಚ್ಚಿನ ಪ್ರಯೋಜನವನ್ನು ಪರೀಕ್ಷೆಗಳಲ್ಲಿ ತೋರಿಸಿಲ್ಲ. ಅಂಗಡಿಯವರು ಕೊಟ್ಟ ಬಾಟಲಿಯ ಮೇಲೆ ಡೈಸೈಕ್ಲೊಮಿನ್ ಎಂಬ ಹೆಸರು ಇದೆಯೇ ಎಂದು ಇವತ್ತೇ ನೋಡಿ. ಇದ್ದರೆ ಮರಳಿಸಿಬಿಡಿ, ಆರು ತಿಂಗಳೊಳಗಿನ ಕೂಸುಗಳಲ್ಲಿ ಅದು ಉಸಿರಾಟಕ್ಕೆ ಅಡ್ಡಿಯಾಗಬಲ್ಲದು. ವೈದ್ಯರು ಬರೆದುಕೊಡುವ ವಿಟಮಿನ್ ಡಿ ಹನಿಯನ್ನು ಮಾತ್ರ ಈ ಗುಂಪಿಗೆ ಸೇರಿಸಿ ನಿಲ್ಲಿಸಬೇಡಿ. ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಮೊದಲ ವರ್ಷ ಬೇಕೇ ಬೇಕು, ತಿಂಗಳುಗಟ್ಟಲೆ ಬಿಸಿಲು ಕಾಣದ ನಮ್ಮ ಜಿಲ್ಲೆಯಲ್ಲಂತೂ ಹೌದು.

ನೀರೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳರಷ್ಟು ನೀರೇ ಇದೆ. ನೀರಿನಿಂದ ಹೊಟ್ಟೆ ತುಂಬಿಸಿಕೊಂಡ ಕೂಸು ಹಾಲನ್ನು ಕಡಿಮೆ ಕುಡಿಯುತ್ತದೆ, ರಕ್ತದಲ್ಲಿನ ಸೋಡಿಯಂ ಇಳಿದು ಅಪಾಯವೂ ಆಗಬಹುದು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ ನೀರಿಗೂ ವಿನಾಯಿತಿ ಇಲ್ಲ.

ನೀವು ನಿಜವಾಗಿ ಗಮನ ಕೊಡಬೇಕಾದದ್ದು ಕೂಸು ಮೊಲೆಯನ್ನು ಹಿಡಿಯುವ ರೀತಿಗೆ. ಬಾಯಿ ಅಗಲವಾಗಿ ತೆರೆದಿರಬೇಕು, ಗಲ್ಲ ಮೊಲೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಗುಚಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲ್ಗಡೆ ಹೆಚ್ಚು ಕಾಣಬೇಕು. ಕುಡಿಯುವಾಗ ಚಟ್ ಚಟ್ ಎಂಬ ಸದ್ದು ಕೇಳಿದರೆ, ಕೆನ್ನೆ ಒಳಕ್ಕೆ ಗುಳಿ ಬಿದ್ದರೆ, ನಿಮಗೆ ತೊಟ್ಟು ನೋಯುತ್ತಿದ್ದರೆ ಹಿಡಿತ ಸರಿಯಿಲ್ಲ, ಗಾಳಿಯೂ ಒಳಗೆ ಹೋಗುತ್ತಿದೆ ಎಂದರ್ಥ. ಕಿರುಬೆರಳನ್ನು ಕೂಸಿನ ಕಟವಾಯಿಯೊಳಗೆ ಮೆಲ್ಲಗೆ ತೂರಿಸಿ ಬಿಡಿಸಿಕೊಂಡು, ಮತ್ತೆ ಹಿಡಿಸಿ. ಒಂದು ಕಡೆಯ ಹಾಲನ್ನು ಅದು ತಾನಾಗಿ ಬಿಡುವವರೆಗೂ ಕುಡಿಯಲಿ, ಆಮೇಲೆ ಇನ್ನೊಂದು ಕಡೆಗೆ ಹಾಕಿಕೊಳ್ಳಿ. ಗಡಿಯಾರ ನೋಡಿ ಎಳೆದು ಬದಲಾಯಿಸಬೇಡಿ.

ಉತ್ತರ: ವಿರಾಜಪೇಟೆ ಕಡೆಯ ಹಿರಿಯ ಗೃಹಿಣಿ

ಮಗಳೇ, ಮೇಲೆ ಬರೆದಿರುವ ಅಮ್ಮನವರ ಮಾತು ಸರಿಯಾಗಿದೆ. ನಾನು ಬಾಣಂತನ ಮಾಡಿಸಿದ ಮನೆಗಳಲ್ಲಿ ಜೇನು ಸವರುವ ಪದ್ಧತಿ ಇತ್ತು, ಅದನ್ನು ಈಗ ಬಿಡಬೇಕೆಂದು ನಾನೂ ಒಪ್ಪುತ್ತೇನೆ. ಆದರೆ ಅಜ್ಜಿಯನ್ನು ಬದಿಗೆ ಸರಿಸಿ ಬಾಣಂತನ ಮಾಡಿಕೊಳ್ಳಲು ಯಾರಿಂದಲೂ ಆಗದು. ಅವರ ಕೈಯಿಂದ ಬಜೆ ಕಿತ್ತುಕೊಂಡು ಸುಮ್ಮನೆ ಕೂರಿಸಿದರೆ ಅವರಿಗೆ ನೋವಾಗುತ್ತದೆ. ಬದಲಿಗೆ ಕೂಸನ್ನೇ ಅವರ ಕೈಗೆ ಕೊಡಿ. ತೆಂಗಿನೆಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಹೊಕ್ಕುಳು ಬಿದ್ದು ಒಣಗಿದ ಮೇಲೆ, ಹೊಕ್ಕುಳಿನ ಸುತ್ತ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಹಗುರವಾಗಿ ನೀವಬಹುದು. ಮೊಣಕಾಲುಗಳನ್ನು ಹೊಟ್ಟೆಯ ಕಡೆಗೆ ಮಡಚಿ, ಸ್ವಲ್ಪ ತಡೆದು, ಮೆಲ್ಲಗೆ ಬಿಡಬೇಕು. ಹಾಲು ಕುಡಿದ ಕೂಡಲೇ ಮಾಡಬಾರದು, ಎಲ್ಲ ಕಕ್ಕಿಬಿಡುತ್ತದೆ. ಮೂಗಿಗೆ, ಕಿವಿಗೆ, ಗಂಟಲಿಗೆ ಎಣ್ಣೆ ಬಿಡುವುದು ಮಾತ್ರ ಬೇಡ.

ಸಂಜೆ ಅಳುವಾಗ ನಾವು ಮಾಡುವ ಉಪಾಯವೊಂದಿದೆ. ಕೂಸನ್ನು ನಮ್ಮ ಮುಂಗೈಯ ಮೇಲೆ ಬೋರಲಾಗಿ, ಕೊಂಬೆಯ ಮೇಲೆ ಚಿರತೆ ಮಲಗಿದಂತೆ ಮಲಗಿಸಿಕೊಂಡು, ತಲೆ ಮೊಣಕೈಯ ಹತ್ತಿರ ಬರುವಂತೆ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ಸವರುತ್ತ ಜಗಲಿಯಲ್ಲಿ ಅತ್ತಿಂದಿತ್ತ ನಡೆಯಬೇಕು. ಎತ್ತಿಕೊಂಡಿರುವಾಗ ಮಾತ್ರ ಹೀಗೆ. ನಿದ್ದೆಗೆ ಹಾಕುವಾಗ ಯಾವಾಗಲೂ ಅಂಗಾತವೇ ಮಲಗಿಸಬೇಕು.

ಹೊಗೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಬಾಣಂತಿ ಕೋಣೆಯ ಪಕ್ಕದಲ್ಲೇ ಕೆಂಡವಿಟ್ಟು ಬಟ್ಟೆ ಒಣಗಿಸುತ್ತಾರೆ, ಮೀಯಿಸಿದ ಮೇಲೆ ಸಾಂಬ್ರಾಣಿ ಹೊಗೆಯನ್ನೂ ಹಾಕುತ್ತಾರೆ. ಎಳೆಗೂಸು ಉಸಿರಾಡುವುದು ಮೂಗಿನಿಂದಲೇ. ಹೊಗೆಗೆ ಮೂಗು ಕಟ್ಟಿದರೆ ಚೀಪುವಾಗ ನಡುನಡುವೆ ಬಿಟ್ಟು ಬಾಯಿ ತೆರೆದು ಗಾಳಿ ನುಂಗುತ್ತದೆ, ಹಾಲೂ ಸರಿಯಾಗಿ ಇಳಿಯುವುದಿಲ್ಲ. ಕೆಂಡವನ್ನು ಬೇರೆ ಕೋಣೆಗೆ ಸಾಗಿಸಿ. ಮಗುವಿಗೆ ಬೆಚ್ಚಗಿರಲು ಟೋಪಿ, ಕಾಲುಚೀಲ, ತಾಯಿಯ ಎದೆಯ ಶಾಖ ಇವಿಷ್ಟೇ ಸಾಕು.

ನಿಮ್ಮ ಊಟದ ವಿಚಾರಕ್ಕೆ ಬಂದರೆ, ನಾನು ಕಂಡ ಪಥ್ಯಗಳಲ್ಲಿ ಒಂದೊಂದು ಮನೆಯದು ಒಂದೊಂದು ರೀತಿ. ಒಬ್ಬರ ಮನೆಯಲ್ಲಿ ವಾಯುವೆಂದು ಬಿಡಿಸಿದ ಬೇಳೆಯನ್ನೇ ಇನ್ನೊಬ್ಬರು ಹಾಲು ಹೆಚ್ಚಲಿ ಎಂದು ಉಣಿಸುತ್ತಾರೆ. ಎಲ್ಲವನ್ನೂ ಬಿಟ್ಟು ಬರಿಯ ಅನ್ನ, ಕರಿಮೆಣಸಿನ ಸಾರು ಎಂದರೆ ಬಾಣಂತಿ ಸೊರಗುತ್ತಾಳೆ.

ಉತ್ತರ: ಸೋಮವಾರಪೇಟೆ ಕಡೆಯ ತಂದೆ

ನಮ್ಮ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ಆರಂಭದಲ್ಲಿ ಮೊಲೆ ಚೀಪಲು ಅವನಿಗೆ ಶಕ್ತಿಯಿರಲಿಲ್ಲ. ವೈದ್ಯರ ಸಲಹೆಯಂತೆ ಹಿಂಡಿ ತೆಗೆದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿದೆವು, ಸಾಲದಿದ್ದಾಗ ಪುಡಿ ಹಾಲನ್ನೂ ಕೊಡಬೇಕಾಯಿತು. ಈ ಅಕ್ಕನ ಮಗುವಿಗೆ ಅದರ ಅಗತ್ಯವೇನೂ ಕಾಣುವುದಿಲ್ಲ. ಆದರೆ ಇದೇ ಪುಟವನ್ನು ಅಂಥ ಪರಿಸ್ಥಿತಿಯಲ್ಲಿರುವವರು ಓದಬಹುದೆಂದು ಬರೆಯುತ್ತಿದ್ದೇನೆ.

ಬಾಟಲಿಯ ರಂಧ್ರ, ರಬ್ಬರ್ ತೊಟ್ಟು ಇವುಗಳನ್ನು ಪೂರ್ತಿ ಶುಚಿಗೊಳಿಸುವುದು ಬಹಳ ಕಷ್ಟ. ಒಳಲೆಗೆ ಮೂಲೆಗಳಿಲ್ಲ, ತೊಳೆದು ಕುದಿಯುವ ನೀರಿನಲ್ಲಿ ಹಾಕಿದರೆ ಮುಗಿಯಿತು. ಕೂಸನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಅದು ನೆಕ್ಕಿ ನುಂಗಿದಷ್ಟೇ ಹಾಲು ಬರುವಂತೆ ಬಾಗಿಸಬೇಕು. ಬಾಯೊಳಗೆ ಸುರಿದರೆ ನೆತ್ತಿಗೇರುತ್ತದೆ. ಪುಡಿ ಹಾಲಿನಲ್ಲಿ ರೋಗಾಣುಗಳು ಇರಬಹುದಾದ್ದರಿಂದ ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗುವ ಮೊದಲೇ ಪುಡಿಯನ್ನು ಬೆರೆಸಿ, ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಕೊಡಬೇಕು. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಮಳೆಗೆ ದಿನಗಟ್ಟಲೆ ವಿದ್ಯುತ್ ಇಲ್ಲದ ಊರು ನಮ್ಮದು. ಫ್ರಿಜ್ಜನ್ನು ನಂಬಿ ಹಾಲು ಇಡುವವರು ಇದನ್ನು ನೆನಪಿನಲ್ಲಿಡಬೇಕು. ಡಬ್ಬಿಯ ಮೇಲೆ ಬರೆದಷ್ಟೇ ನೀರು ಹಾಕಬೇಕು. ಜೀರ್ಣವಾಗಲಿ ಎಂದು ತೆಳುವಾಗಿ ಕಲಸಿದರೆ ಮಗು ಬೆಳೆಯುವುದಿಲ್ಲ, ಬೇಗ ದಪ್ಪವಾಗಲಿ ಎಂದು ಗಟ್ಟಿಯಾಗಿ ಕಲಸಿದರೆ ಮಲ ಕಟ್ಟುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಜೇನಿನ ಭಾಗವನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಬಜೆಯ ಡಬ್ಬಿಯನ್ನು ತಾವೇ ಒಳಗಿಟ್ಟರು. ಹನಿಯ ಬಾಟಲಿಯಲ್ಲಿ ಡೈಸೈಕ್ಲೊಮಿನ್ ಇರಲಿಲ್ಲ, ಆದರೂ ಕೊಡುವುದಿಲ್ಲ. ಇನ್ನೆರಡು ಸಂದೇಹಗಳಿವೆ. ಕಾಫಿ ಬಿಡಬೇಕೇ? ತೇಗು ಬರಿಸಲು ಎಷ್ಟು ಪ್ರಯತ್ನಿಸಿದರೂ ಕೆಲವು ಸಲ ಬರುವುದಿಲ್ಲ, ಹಾಗೆಯೇ ಮಲಗಿಸಬಹುದೇ? ನಮ್ಮ ಊರಿನಿಂದ ಮಡಿಕೇರಿಗೆ ಹೋಗುವ ದಾರಿ ಜೋರು ಮಳೆಗೆ ಕಟ್ಟಿಹೋಗುವುದೂ ಉಂಟು. ಯಾವ ಲಕ್ಷಣ ಕಂಡರೆ ಕಾಯದೆ ಹೊರಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಡಿಕೇರಿಯ ನಿವೃತ್ತ ದಾದಿ

ಕಾಫಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ದೊಡ್ಡವರ ದೇಹದಲ್ಲಿ ಕೆಫೀನಿನ ಅರ್ಧಭಾಗ ಸುಮಾರು ಐದು ಗಂಟೆಗಳಲ್ಲಿ ಕರಗಿಹೋದರೆ, ನವಜಾತ ಶಿಶುವಿನಲ್ಲಿ ಅದಕ್ಕೆ ಮೂರು ನಾಲ್ಕು ದಿನಗಳೇ ಬೇಕು. ಹಾಲಿಗೆ ಇಳಿಯುವುದು ಸ್ವಲ್ಪವೇ ಆದರೂ ದಿನದಿನಕ್ಕೆ ಕೂಡುತ್ತದೆ. ಹಾಲೂಡಿಸುವ ತಾಯಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆಯಿಲ್ಲ ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಅಭಿಪ್ರಾಯ. ಚಿಕ್ಕ ಲೋಟದಲ್ಲಿ ತೆಳು ಕಾಫಿಯಾದರೆ ಎರಡು ಹೊತ್ತು ಕುಡಿಯಬಹುದು. ಡಿಕಾಕ್ಷನ್ ಗಟ್ಟಿಯಾಗಿದ್ದರೆ ಸಂಜೆಯದನ್ನು ಬಿಟ್ಟು ನೋಡಿ.

ತೇಗು ಬರದಿದ್ದರೆ ಒತ್ತಾಯಿಸಬೇಡಿ. ಹೆಗಲಿಗೆ ಒರಗಿಸಿಕೊಂಡು ಅಥವಾ ತೊಡೆಯ ಮೇಲೆ ಕೂರಿಸಿ, ಗಲ್ಲವನ್ನು ಅಂಗೈಯಲ್ಲಿ ಆನಿಸಿ, ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಐದು ನಿಮಿಷ ಸವರಿದರೆ ಸಾಕು. ಚಂಡೀಗಢದಲ್ಲಿ ನಡೆದ ಒಂದು ಅಧ್ಯಯನದಲ್ಲಿ ತೇಗು ಬರಿಸಿದ ಮಕ್ಕಳ ಅಳು ಕಡಿಮೆಯಾಗಲಿಲ್ಲ, ಕಕ್ಕುವುದು ಮಾತ್ರ ಹೆಚ್ಚಾಗಿತ್ತು. ನೆಟ್ಟಗೆ ಎತ್ತಿಕೊಂಡಿರುವುದರಿಂದ ಕೂಸಿಗೆ ಹಿತವಾಗುತ್ತದೆ, ಅದೇ ಮುಖ್ಯ.

ಈಗ ಕಾಯಬಾರದ ಲಕ್ಷಣಗಳು. ವಾಂತಿ ಹಸಿರಾಗಿದ್ದರೆ ಅದು ಕರುಳು ತಿರುಚಿಕೊಂಡಿರುವ ಸೂಚನೆ ಇರಬಹುದು. ಒಂದು ಸಲ ಕಂಡರೂ, ರಾತ್ರಿಯೇ ಆಗಿದ್ದರೂ ಹೊರಡಬೇಕು. ಪ್ರತಿ ಸಲವೂ ಹಾಲು ಚಿಮ್ಮಿ ದೂರಕ್ಕೆ ಬೀಳುವಂತೆ ವಾಂತಿಯಾಗಿ, ಕೂಡಲೇ ಮತ್ತೆ ಹಸಿವಿನಿಂದ ಅತ್ತರೆ ಜಠರದ ಕೆಳಬಾಯಿ ಬಿಗಿದಿರಬಹುದು. ಎರಡರಿಂದ ಎಂಟು ವಾರದ ಕೂಸುಗಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಇದು ಹೆಚ್ಚು. ಹೊಟ್ಟೆ ಕಲ್ಲಿನಂತಾಗಿ ಉಬ್ಬಿದರೆ, ಮಲದಲ್ಲಿ ರಕ್ತ ಕಂಡರೆ, ಮೈ 38 ಡಿಗ್ರಿ ಸೆಲ್ಸಿಯಸ್ ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಎಷ್ಟು ಹೊದಿಸಿದರೂ ತಣ್ಣಗಿದ್ದರೆ, ಕೂಸು ಹಾಲು ಕುಡಿಯುವುದನ್ನೇ ಬಿಟ್ಟು ಮಂಕಾದರೆ, ಮೂತ್ರ ಕಡಿಮೆಯಾದರೆ 108ಕ್ಕೆ ಕರೆ ಮಾಡಿ. ಮಲ ಸುಣ್ಣದಂತೆ ಬಿಳಿಚಿಕೊಂಡು, ಎರಡು ವಾರ ದಾಟಿದರೂ ಕಣ್ಣು ಹಳದಿಯಾಗಿಯೇ ಇದ್ದರೆ ಅದು ಪಿತ್ತನಾಳದ ತೊಂದರೆ ಇರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಒಳ್ಳೆಯದಾದ್ದರಿಂದ ಮುಂದೂಡಬೇಡಿ. ಮಲ ಒಮ್ಮೊಮ್ಮೆ ಹಸಿರಾಗುವುದಕ್ಕೆ ಮಾತ್ರ ಹೆದರಬೇಕಿಲ್ಲ.

ಮಲದ ಲೆಕ್ಕದ ಬಗ್ಗೆ ಒಂದು ಮಾತು. ಆರು ವಾರ ಕಳೆದ ಮೇಲೆ ಎದೆಹಾಲು ಕುಡಿಯುವ ಕೂಸು ನಾಲ್ಕೈದು ದಿನ, ಕೆಲವೊಮ್ಮೆ ವಾರವೇ ಮಲ ಮಾಡದಿದ್ದರೂ, ಆಮೇಲೆ ಬಂದದ್ದು ಮೆತ್ತಗಿದ್ದರೆ ಅದು ಸಹಜ. ಆದರೆ ಈ ಮೊದಲ ತಿಂಗಳಿನಲ್ಲಿ ಮಲ ಒಮ್ಮೆಲೆ ಕಡಿಮೆಯಾದರೆ ಹಾಲು ಸಾಲದಿರುವ ಗುರುತಿರಬಹುದು, ಆಗ ತೂಕವನ್ನು ನೋಡಬೇಕು. ಆಶಾ ಕಾರ್ಯಕರ್ತೆಯರು 28ನೆಯ ಮತ್ತು 42ನೆಯ ದಿನವೂ ಮನೆಗೆ ಬರುತ್ತಾರೆ. ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ದಾರಿ ಕಟ್ಟುವಂಥ ಮಳೆಯ ಮುನ್ಸೂಚನೆ ಇದ್ದು, ಮಗುವಿನ ಬಗ್ಗೆ ನಿಮಗೆ ಸಂಶಯವೂ ಇದ್ದರೆ ಸಂಜೆಯವರೆಗೆ ನೋಡೋಣ ಎನ್ನದೆ ಹಗಲಿನಲ್ಲೇ ಹೋಗಿ ತೋರಿಸಿಕೊಂಡು ಬನ್ನಿ.